ತೀವ್ರ ಸ್ಕ್ರಬ್ ಟೈಫಸ್: ಒಂದು ಔಷಧಿ ಸಾಕೇ, ಎರಡು ಬೇಕೇ?

ನಮಸ್ಕಾರ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ವಾರದಿಂದ ಬಿಡದ ಜ್ವರ, ಉಸಿರಾಟದ ತೊಂದರೆ, ಇಳಿದ ಪ್ಲೇಟ್‌ಲೆಟ್ ಮತ್ತು ಏರಿದ ಲಿವರ್ ಕಿಣ್ವಗಳೊಂದಿಗೆ ದಾಖಲಾಗುವ ರೋಗಿಯ ಡೆಂಗಿ ವರದಿ ನೆಗೆಟಿವ್ ಬಂದರೆ, ಸ್ಕ್ರಬ್ ಟೈಫಸ್ (ಚಿಗರ್ ಎಂಬ ಸಣ್ಣ ಹುಳುವಿನ ಕಡಿತದಿಂದ ಹರಡುವ ಬ್ಯಾಕ್ಟೀರಿಯಾ ಜ್ವರ) ನೆನಪಾಗಲೇಬೇಕು. ಇದು ತೀವ್ರ ರೂಪ ತಾಳಿದಾಗ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಒಂದೇ ಸಾಕೇ ಎಂಬ ಪ್ರಶ್ನೆಗೆ ಭಾರತದ ವೈದ್ಯರೇ ಉತ್ತರ ಹುಡುಕಿದ್ದಾರೆ.

(ಪರದೆಯ ಮೇಲೆ: ಇಂಟ್ರೆಸ್ಟ್ ಅಧ್ಯಯನ, 2023)

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನೇತೃತ್ವದಲ್ಲಿ ದೇಶದ 7 ಕೇಂದ್ರಗಳಲ್ಲಿ ನಡೆದ ಈ ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಕನಿಷ್ಠ ಒಂದು ಅಂಗಕ್ಕೆ ತೊಂದರೆಯಾಗಿದ್ದ ರೋಗಿಗಳಿಗೆ 7 ದಿನ ರಕ್ತನಾಳದ ಮೂಲಕ ಡಾಕ್ಸಿಸೈಕ್ಲಿನ್, ಇನ್ನೊಂದು ಆಂಟಿಬಯೋಟಿಕ್ ಆದ ಅಜಿತ್ರೊಮೈಸಿನ್ ಅಥವಾ ಎರಡನ್ನೂ ಕೊಡಲಾಯಿತು. ಯಾರಿಗೆ ಯಾವುದು ಎಂಬುದು ವೈದ್ಯರಿಗೂ ರೋಗಿಗೂ ತಿಳಿದಿರಲಿಲ್ಲ. ವಿಶ್ಲೇಷಣೆಗೆ ಒಳಪಟ್ಟ 794 ಮಂದಿಯಲ್ಲಿ ಶೇ. 62ರಷ್ಟು ಜನರಿಗೆ ಉಸಿರಾಟದ ತೊಡಕುಗಳಿದ್ದವು.

ಫಲಿತಾಂಶವನ್ನು ನಿಧಾನವಾಗಿ ಓದಬೇಕು. 28ನೇ ದಿನದೊಳಗಿನ ಸಾವು, 7ನೇ ದಿನಕ್ಕೂ ಉಳಿದ ತೊಡಕು, 5ನೇ ದಿನಕ್ಕೂ ಇಳಿಯದ ಜ್ವರ, ಇವು ಮೂರನ್ನೂ ಒಟ್ಟುಗೂಡಿಸಿ ಅಳೆದಾಗ ಜೋಡಿ ಚಿಕಿತ್ಸೆಯಲ್ಲಿ ಶೇ. 33, ಡಾಕ್ಸಿಸೈಕ್ಲಿನ್‌ನಲ್ಲಿ ಶೇ. 47, ಅಜಿತ್ರೊಮೈಸಿನ್‌ನಲ್ಲಿ ಶೇ. 48 ಮಂದಿಗೆ ಪ್ರತಿಕೂಲ ಫಲಿತಾಂಶ ಕಂಡುಬಂತು. ಆದರೆ ಸಾವಿನ ಪ್ರಮಾಣ ಮಾತ್ರ ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದ್ದರಿಂದ ಜೋಡಿ ಚಿಕಿತ್ಸೆ ಜೀವ ಉಳಿಸುತ್ತದೆ ಎಂದು ರೋಗಿಯ ಮನೆಯವರಿಗೆ ಹೇಳುವುದು ತಪ್ಪು. ಅಂಗಗಳು ಬೇಗ ಚೇತರಿಸಿಕೊಳ್ಳುತ್ತವೆ ಎನ್ನುವುದಕ್ಕೆ ಆಧಾರವಿದೆ. ಐಸಿಯು ಹಾಸಿಗೆಯೊಂದು ಎರಡು ದಿನ ಮೊದಲು ತೆರವಾದರೂ ಅದು ಸಣ್ಣ ಲಾಭವಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡೂ ಔಷಧಿಗಳು ರೋಗಾಣುವಿನ ಪ್ರೋಟೀನ್ ತಯಾರಿಕೆಯನ್ನೇ ತಡೆಯುತ್ತವೆ. ಪ್ರೋಟೀನ್ ತಯಾರಿಸುವ ಕಣವಾದ ರೈಬೋಸೋಮಿನ 30ಎಸ್ ಭಾಗಕ್ಕೆ ಡಾಕ್ಸಿಸೈಕ್ಲಿನ್ ಅಂಟಿಕೊಂಡರೆ, ಅಜಿತ್ರೊಮೈಸಿನ್ 50ಎಸ್ ಭಾಗಕ್ಕೆ. ಸೆಫ್ಟ್ರಿಯಾಕ್ಸೋನ್ ಎಂಬ ಬೇರೆ ಆಂಟಿಬಯೋಟಿಕ್ ಇಲ್ಲಿ ಯಾವ ಪ್ರಯೋಜನಕ್ಕೂ ಬಾರದು.

ಅಂಗಗಳಿಗೆ ತೊಂದರೆಯಾಗದ ರೋಗಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಅವರಿಗೆ ಒಂದೇ ಔಷಧಿ ಸಾಕು. ಡಾಕ್ಸಿಸೈಕ್ಲಿನ್ ಇಂಜೆಕ್ಷನ್ ಸಿಗದ ಕಡೆ ಅದಕ್ಕಾಗಿ ಕಾಯದೆ ಮಾತ್ರೆಯನ್ನೇ ಆರಂಭಿಸಬೇಕು, ಏಕೆಂದರೆ ಅದು ಕರುಳಿನಿಂದ ಚೆನ್ನಾಗಿ ಹೀರಲ್ಪಡುತ್ತದೆ. ಅಜಿತ್ರೊಮೈಸಿನ್ ಸೇರಿಸುವ ಮುನ್ನ ಇಸಿಜಿಯಲ್ಲಿ ಕ್ಯೂಟಿ ಅಂತರ (ಹೃದಯದ ವಿದ್ಯುತ್ ಚಟುವಟಿಕೆಯ ಒಂದು ಅಳತೆ) ನೋಡಿ. ವಾಂತಿಗೆಂದು ಒಂಡಾನ್ಸೆಟ್ರಾನ್ ನಡೆಯುತ್ತಿದ್ದರಂತೂ ತಪ್ಪದೆ ನೋಡಿ.

(ಪರದೆಯ ಮೇಲೆ: ಎಸ್ಕಾರ್‌ನ ಹತ್ತಿರದ ಚಿತ್ರ)

ಐಜಿಎಂ ಎಲೈಸಾ (ಈ ರೋಗದ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ) ಮೊದಲ ದಿನಗಳಲ್ಲಿ ನೆಗೆಟಿವ್ ಇರಬಹುದು. ಸಿಗರೇಟಿನಿಂದ ಸುಟ್ಟಂತೆ ಕಾಣುವ, ಹುಳು ಕಚ್ಚಿದ ಜಾಗದ ಈ ಕಪ್ಪು ಹಕ್ಕಳೆಗೆ (ಎಸ್ಕಾರ್) ನೋವಾಗಲಿ ತುರಿಕೆಯಾಗಲಿ ಇರದ ಕಾರಣ ರೋಗಿ ತಾನಾಗಿ ಹೇಳುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಕಿವಿಯ ಹಿಂಭಾಗಗಳನ್ನು ರೋಗಿಯ ಒಪ್ಪಿಗೆ ಪಡೆದು, ಪರದೆ ಎಳೆದು, ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಿ; ಹಕ್ಕಳೆ ಕಂಡರೆ ವರದಿಗೆ ಕಾಯದೆ ಮೊದಲ ಡೋಸ್ ಕೊಡಿ.