ದೈತ್ಯ ಲಾಗ ಹಾಕಿದರೆ ಸಾಕೇ?

ಸಭೆಯಲ್ಲಿ ತೊಂಬತ್ತರ ದಶಕದಲ್ಲಿ ಡಬ್ಲ್ಯುಡಬ್ಲ್ಯುಎಫ್ (ಅಮೆರಿಕದ ಟಿವಿ ಕುಸ್ತಿ ಕಂಪನಿ) ಟ್ರಂಪ್ ಕಾರ್ಡ್ ಆಡಿದವರೇ ಜಾಸ್ತಿ ಕಾಣ್ತಿದ್ದೀರಿ, ಪೀಠಿಕೆ ಬೇಡ. ಆ ಕಾರ್ಡಲ್ಲಿ ಎತ್ತರ ಇತ್ತು, ತೂಕ ಇತ್ತು, ತೋಳಿನ ಸುತ್ತಳತೆಯೂ ಇತ್ತು. ಎಷ್ಟು ಹಾರ್ತಾನೆ ಅನ್ನೋದು ಇರಲಿಲ್ಲ. ಇದ್ದಿದ್ದರೂ ಏನೂ ತಿಳೀತಿರಲಿಲ್ಲ. ಒಂದೂವರೆ ಕ್ವಿಂಟಾಲಿನ ಆಸಾಮಿ ಮೇಲಿನ ಹಗ್ಗದಿಂದ ಹಿಂದಕ್ಕೆ ಲಾಗ ಹಾಕಿದರೆ ಮೊದಲ ಸಲ ಬಾಯಿ ಬಿಟ್ಟು ನೋಡ್ತೀವಿ. ಆರನೇ ವಾರ ಕಡಲೆಕಾಯಿ ಸುಲೀತಾ ಕೂತಿರ್ತೀವಿ. ದೈತ್ಯನಿಗೆ ಭಯ ಮೊದಲು, ಜಿಗಿತ ಆಮೇಲೆ.

ವೇಡರ್‌ನನ್ನೇ ತಗೊಳ್ಳಿ. ನಿಜ ಹೆಸರು ಲಿಯಾನ್ ವೈಟ್, ಅಮೆರಿಕನ್ ಫುಟ್‌ಬಾಲ್‌ನಿಂದ ಕುಸ್ತಿಗೆ ಬಂದವನು. 1987ರ ಡಿಸೆಂಬರ್‌ನಲ್ಲಿ ಟೋಕಿಯೋದ ಸುಮೋ ಅಂಗಣದಲ್ಲಿ, ಜಪಾನಿನ ಕುಸ್ತಿಪ್ರಿಯರ ಆರಾಧ್ಯದೈವ ಆಂಟೋನಿಯೋ ಇನೋಕಿಯನ್ನ ಕೆಲವೇ ನಿಮಿಷದಲ್ಲಿ ಮಲಗಿಸಿದ. ಜನ ದೊಂಬಿ ಎದ್ದರು. ಆ ಅಂಗಣದವರು 1989ರ ತನಕ ಆ ಕುಸ್ತಿ ನಡೆಸಿದ ಕಂಪನಿಯನ್ನ ಒಳಗೇ ಬಿಟ್ಟುಕೊಳ್ಳಲಿಲ್ಲ! ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸುತ್ತೆ ನೋಡಿ, ಮಕ್ಕಳು ಅಮ್ಮನ ಸೆರಗು ಹಿಡೀತಾವೆ, ಕುಣಿತ ಆಮೇಲೆ. ಹಾಗೆ.

ಇನ್ನು ಆ ಕಣ್ಣಿನ ಕಥೆ. ಗೊತ್ತಿದ್ದವರೂ ಇನ್ನೊಮ್ಮೆ ಕೇಳಿ, ನನಗೆ ಹೇಳದೆ ತಡೆಯೋಕಾಗಲ್ಲ. 1990ರ ಫೆಬ್ರವರಿ 10, ಟೋಕಿಯೋ ಡೋಮ್, ಎದುರಿಗೆ ಇನ್ನೊಬ್ಬ ಕುಸ್ತಿಪಟು ಸ್ಟಾನ್ ಹ್ಯಾನ್ಸನ್. ಆ ಪುಣ್ಯಾತ್ಮನಿಗೆ ದೂರದ್ದು ಕಣ್ಣಿಗೆ ಕಾಣೋದು ಕಮ್ಮಿ, ಹೊಡೆತ ಮಾತ್ರ ಅಸಲಿ. ಬೆರಳು ತಾಗಿ ವೇಡರ್‌ನ ಕಣ್ಣುಗುಡ್ಡೆ ಹೊರಗೆ ಬಂತು. ಅವನೇನು ಮಾಡಿದ? ಹಾಕಿಕೊಂಡಿದ್ದ ಮುಖವಾಡ ಕಿತ್ತ, ಗುಡ್ಡೆಯನ್ನ ಬೆರಳಲ್ಲಿ ಒಳಕ್ಕೆ ತಳ್ಳಿದ, ರೆಪ್ಪೆ ಮುಚ್ಚಿಕೊಂಡು ಮತ್ತೆ ಹೊಡೆದಾಟಕ್ಕೆ ನಿಂತ. (ಹಿಂದಿನ ಸಾಲಿನಿಂದ ಯಾರೋ “ಎಲ್ಲಾ ನಾಟಕ” ಅಂದರು. ಸರಿ ಸ್ವಾಮಿ, ಫಲಿತಾಂಶ ಮೊದಲೇ ಬರೆದಿಟ್ಟ ನಾಟಕ. ಕಣ್ಣು ಅವನದ್ದೇ.) ಇಂಥವನು ಆಮೇಲೆ ಅಮೆರಿಕದ ಇನ್ನೊಂದು ಕುಸ್ತಿ ಕಂಪನಿ ಡಬ್ಲ್ಯುಸಿಡಬ್ಲ್ಯುನಲ್ಲಿ ಲಾಗ ಹಾಕಿದಾಗ ಜನಕ್ಕೆ ಚಪ್ಪಾಳೆಗಿಂತ ಮೊದಲು ಕೆಳಗಿದ್ದವನ ಪಕ್ಕೆಲುಬಿನ ಯೋಚನೆ ಬಂತು.

ಅದೇ ವೇಡರ್ 1996ರಲ್ಲಿ ಡಬ್ಲ್ಯುಡಬ್ಲ್ಯುಎಫ್‌ಗೆ ಬಂದ. ಅವರ ದೊಡ್ಡ ಪ್ರದರ್ಶನ ಸಮ್ಮರ್‌ಸ್ಲ್ಯಾಮ್‌ನಲ್ಲಿ ಶಾನ್ ಮೈಕಲ್ಸ್‌ಗೆ ಸೋತ, ಆಮೇಲೆ ಸೋಲೇ ಜಾಸ್ತಿ ಆಯ್ತು. 1998ರಲ್ಲಿ ಕೇನ್ ಕೈಲಿ ಸೋತು, ಕ್ಯಾಮೆರಾ ಮುಂದೆ ತನ್ನನ್ನು ತಾನೇ ದಡಿಯ ಅಂತ ಬೈದುಕೊಳ್ಳೋ ಹಾಗೆ ಮಾಡಿದರು. ಲಾಗ ಮರೆತಿದ್ದನೇ? ಇಲ್ಲ. ಭಯ ತೆಗೆದುಬಿಟ್ಟಿದ್ದರು.

ಇನ್ನೊಬ್ಬ ದೈತ್ಯ ಬಾಮ್ ಬಾಮ್ ಬಿಗೆಲೋ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ಬೋಳು ತಲೆ ತುಂಬ ಬೆಂಕಿಯ ಹಚ್ಚೆ, ಆ ಮೈಯಲ್ಲಿ ಸಲೀಸಾಗಿ ಪಕ್ಕದ ಲಾಗ. 1995ರಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ವರ್ಷದ ದೊಡ್ಡ ಪ್ರದರ್ಶನ ರೆಸಲ್‌ಮೇನಿಯಾದ ಕೊನೆಯ ಪಂದ್ಯ ಕೊಟ್ಟರು, ಅಮೆರಿಕನ್ ಫುಟ್‌ಬಾಲ್ ಆಟಗಾರ ಲಾರೆನ್ಸ್ ಟೇಲರ್‌ಗೆ ಸೋಲೋಕೆ. ಕುಸ್ತಿಯವನಲ್ಲದವನಿಗೆ ಸೋತ ದೈತ್ಯನಿಗೆ ಇನ್ಯಾರು ಹೆದರ್ತಾರೆ?

ಈಗಿನ ದೈತ್ಯ ಬ್ರಾನ್ಸನ್ ರೀಡ್ ವಿಷಯ ಒಂದೇ ಮಾತಲ್ಲಿ: 2024ರ ಆಗಸ್ಟ್‌ನಲ್ಲಿ ಸೆತ್ ರಾಲಿನ್ಸ್ ಮೇಲೆ ಒಂದೇ ರಾತ್ರಿ ಆರು ಸಲ ಹಾರಿಬಿದ್ದ, ಜನ ಬೆಚ್ಚಿದರು, ಹೆಸರು ನಿಂತಿತು. ನವೆಂಬರ್‌ನಲ್ಲಿ ಪಂಜರದ ಮೇಲಿಂದ ಹಾರಿ ಕಾಲು ಮುರಿದುಕೊಂಡ. ಹೀಗೆ ಹಾರಿ ಹಾಳಾಗೋ ಮಂಡಿ, ಪಾದಗಳ ಲೆಕ್ಕ ಬೇರೆಯೇ ಇದೆ, ಅದಕ್ಕೆ ಈಗ ಪುರುಸೊತ್ತಿಲ್ಲ.

ಮುಗಿಸಿ ಅಂತ ಚೀಟಿ ಬಂತು. ನಮ್ಮ ದೇಶದ ದೈತ್ಯ ಕುಸ್ತಿಪಟು ಖಲಿ ಬಗ್ಗೆ ಪ್ರಶ್ನೆ ಇದ್ದವರು ಊಟದ ಹೊತ್ತಲ್ಲಿ ಸಿಗಿ. ಅವರು 2007ರಲ್ಲಿ ಚಾಂಪಿಯನ್ ಆದರು, ಹಾರುವ ಗೋಜಿಗಂತೂ ಹೋದವರಲ್ಲ.