ಕುಮಾರ ಪರ್ವತದ ದಾರಿಯಲ್ಲಿ ನೀರಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬೆನ್ನಿಗೆ ಚೀಲ ಏರಿಸಿಕೊಂಡು ದಿನವಿಡೀ ಬೆಟ್ಟ ಹತ್ತುವವರು ದೂರದ ಲೆಕ್ಕಕ್ಕಿಂತ ಮೊದಲು ನೀರಿನ ಲೆಕ್ಕ ಹಾಕಬೇಕು ಎಂಬುದು ನನಗೆ ಮನದಟ್ಟಾದದ್ದು, ಕೆಲವು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ದಿನ, ಕುಮಾರ ಪರ್ವತದ ದಾರಿಯಲ್ಲಿ.

ಪುಷ್ಪಗಿರಿ ವನ್ಯಧಾಮದಲ್ಲಿರುವ ಈ ಬೆಟ್ಟದ ಎತ್ತರ 1,712 ಮೀಟರ್. ಸೋಮವಾರಪೇಟೆಯ ಕಡೆಯಿಂದಲೂ ಇದಕ್ಕೆ ದಾರಿಯಿದೆ. ನಾವಿಬ್ಬರು ಹಿಡಿದದ್ದು ಕುಕ್ಕೆ ಸುಬ್ರಹ್ಮಣ್ಯದ ದಾರಿಯನ್ನು. ಹಿಂದಿನ ಸಂಜೆ ದಟ್ಟ ಕಾಡಿನ ಏರನ್ನು ಮುಗಿಸಿ, ಚಾರಣಿಗರೆಲ್ಲ ಬಲ್ಲ ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು ಮಲಗಿದ್ದೆವು. ನಸುಕಿನಲ್ಲಿ ಹೊರಟಾಗ ಒಬ್ಬೊಬ್ಬರ ಚೀಲದಲ್ಲಿ ಎರಡೆರಡು ಲೀಟರ್ ನೀರಿತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಹೆಚ್ಚು ಹೊತ್ತರೆ ಹೆಗಲು ನೋಯುತ್ತದೆ, ಕಡಿಮೆ ಹೊತ್ತರೆ ಗಂಟಲು ಒಣಗುತ್ತದೆ.

ಆ ಮನೆಯಿರುವ ಗಿರಿಗದ್ದೆ ದಾಟಿದ ಮೇಲೆ ಮರದ ನೆರಳೆಂಬುದೇ ಇಲ್ಲ. ಸೊಂಟದೆತ್ತರದ ಹುಲ್ಲು ಆಗಲೇ ಹೊಂಬಣ್ಣಕ್ಕೆ ತಿರುಗಿತ್ತು. ಕಲ್ಲು ಮಂಟಪದಲ್ಲಿ ಕುಳಿತು ದಣಿವಾರಿಸಿಕೊಂಡು, ಶಿಖರಕ್ಕೆ ಮೊದಲು ಸಿಗುವ ಶೇಷ ಪರ್ವತದ ನೆತ್ತಿಗೆ ಬರುವಷ್ಟರಲ್ಲಿ, ಬೆಳಗಿನ ಹುರುಪಿನಲ್ಲಿ ಮುಖ ತೊಳೆಯಲೂ ನೀರು ಸುರಿದಿದ್ದ ನನ್ನ ಜೊತೆಗಾರನ ಬಾಟಲಿಯಲ್ಲಿ ಉಳಿದದ್ದು ನಾಲ್ಕು ಗುಟುಕು ಮಾತ್ರ. ನನ್ನದರಲ್ಲಿದ್ದುದು ಒಂದು ಲೀಟರಿಗೂ ಕಡಿಮೆ. ಇಷ್ಟು ನೀರನ್ನು ನಂಬಿ ಮುಂದೆ ಹೋಗುವುದು ತಪ್ಪು, ಹಿಂದಿರುಗೋಣ ಎಂದು ನಾನು ಹೇಳಿದೆ. ಈಗಲೂ ನನ್ನ ಅಭಿಪ್ರಾಯ ಅದೇ. ಆದರೆ ಮುಂದಿನ ಇಳಿಜಾರಿನ ಶೋಲಾದಲ್ಲಿ, ಅಂದರೆ ಹುಲ್ಲುಬೆಟ್ಟಗಳ ನಡುವಿನ ಕಣಿವೆಯ ಕಾಡಿನಲ್ಲಿ, ಜಿನುಗು ನೀರು ಸಿಕ್ಕೀತೆಂದು, ಎದುರಿನಿಂದ ಇಳಿದು ಬಂದ ಅರಣ್ಯ ಕಾವಲುಗಾರರೊಬ್ಬರು ಗುರುತು ಹೇಳಿಕೊಟ್ಟರು.

ಅವರು ಹೇಳಿದ ಕಡೆ, ಪಾಚಿ ಕಟ್ಟಿದ ಬಂಡೆಯ ಬಿರುಕಿನಿಂದ ನೀರು ಹನಿಹನಿಯಾಗಿ ಇಳಿದು ಬಂಡೆಯ ಮೈಯಲ್ಲೇ ಹರಡಿಹೋಗುತ್ತಿತ್ತು. ಬಾಟಲಿಯ ಬಾಯಿ ಒಡ್ಡಿದರೆ ಒಂದು ಹನಿಯೂ ಒಳಗೆ ಬೀಳುತ್ತಿರಲಿಲ್ಲ. ಅಡಿಕೆ ತೋಟದವರು ದಂಬೆ, ಅಂದರೆ ಸೀಳಿದ ಅಡಿಕೆ ಮರದ ತೋಡು, ಇಟ್ಟು ನೀರು ತರುವುದನ್ನು ಬಾಲ್ಯದಿಂದ ಕಂಡಿದ್ದ ಜೊತೆಗಾರ, ಉದ್ದನೆಯ ಎಲೆಯೊಂದನ್ನು ನಡುವೆ ಮಡಚಿ ಬಿರುಕಿಗೆ ಸಿಕ್ಕಿಸಿದ. ಎಲೆಯ ತುದಿಯಲ್ಲಿ ನೀರು ದಾರದಂತೆ ಇಳಿಯತೊಡಗಿತು. ಬಾಟಲಿ ತುಂಬುವವರೆಗೆ ನಾವು ಮಾತಿಲ್ಲದೆ ಅದನ್ನೇ ನೋಡುತ್ತ ಕುಳಿತಿದ್ದೆವು.

ಮಳೆ ನಿಂತು ವಾರಗಳೇ ಕಳೆದರೂ ಆ ಬಂಡೆ ಒಸರುವುದಕ್ಕೆ ಮೇಲಿನ ಹುಲ್ಲು ಮತ್ತು ಕಣಿವೆಯ ಕಾಡೇ ಕಾರಣ. ಹುಲ್ಲಿನ ಬೇರು, ಕೊಳೆತ ತರಗೆಲೆ, ಸಡಿಲ ಮಣ್ಣು ಇವೆಲ್ಲ ಸೇರಿ ಮುಂಗಾರಿನ ನೀರನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಆದ್ದರಿಂದಲೇ ಅಲ್ಲಿ ಬೆಂಕಿ ಹಚ್ಚುವವರನ್ನು, ಒರತೆಯ ಬಳಿ ಪ್ಲಾಸ್ಟಿಕ್ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಶಿಖರದಲ್ಲಿ ಮಂಜು ಕವಿದಿತ್ತು. ಕಲ್ಲುಗಳ ನಡುವೆ ಹೆಚ್ಚು ಹೊತ್ತು ನಿಲ್ಲದೆ ಇಳಿದೆವು. ಸಂಜೆ ಭಟ್ಟರ ಮನೆಯ ಅಂಗಳಕ್ಕೆ ಬಂದಾಗ, ತುದಿ ಮುಟ್ಟಿದಿರಾ ಎಂದು ಅಲ್ಲಿ ಯಾರೂ ಕೇಳಲಿಲ್ಲ. "ನೀರು ಸಾಕಾಯ್ತಾ ಮಾರಾಯ್ರೆ?" ಎಂದು ಮನೆಯ ಹಿರಿಯರು ಕೇಳಿದರು. ಜೊತೆಗಾರ ಉತ್ತರ ಕೊಡದೆ ಮಜ್ಜಿಗೆಗಾಗಿ ಲೋಟ ಚಾಚಿದ.