ಎಲೆಯ ತುದಿ ಸುಟ್ಟರೆ ಬಿಸಿಲನ್ನು ಬೈಯಬೇಡಿ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ನಿಂತು ಕ್ಯಾಲಥಿಯಾ ಬಗ್ಗೆ, ಅಂದರೆ ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಆ ಚಿತ್ತಾರದೆಲೆಯ ಗಿಡದ ಬಗ್ಗೆ, ಮಾತಾಡುವುದು ಸ್ವಲ್ಪ ತಮಾಷೆಯೇ. ಅದರ ತವರು ಬ್ರೆಜಿಲ್ ಕಡೆಯ ಮಳೆಕಾಡು. ನಮ್ಮಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಆದರೂ ನರ್ಸರಿಗೆ ಹೋದವರು ಆ ಎಲೆ ಕಂಡ ಮೇಲೆ ಬರಿಗೈಲಿ ಬರೋದಿಲ್ಲ, ಅಲ್ವಾ?

ಈ ಕುಂಡ ನೋಡಿ. ಇದು ಮಕೋಯಾನ ಜಾತಿ. ತಿಳಿ ಬಣ್ಣದ ಎಲೆ, ನಡುನರದ ಎರಡೂ ಕಡೆ ಕಡುಹಸಿರು ಗುರುತುಗಳು, ಒಂದು ದೊಡ್ಡದು, ಪಕ್ಕದಲ್ಲಿ ಒಂದು ಚಿಕ್ಕದು. ಎಲೆ ತಿರುಗಿಸಿದರೆ ಅದೇ ಚಿತ್ತಾರ ನೇರಳೆಗೆಂಪಿನಲ್ಲಿ. ಎಲೆಯೂ ದಂಟೂ ಕೂಡುವ ಜಾಗವನ್ನು ಬೆರಳಲ್ಲಿ ಮುಟ್ಟಿ. ಸ್ವಲ್ಪ ಊದಿಕೊಂಡಿದೆ. ಅಲ್ಲಿನ ಜೀವಕೋಶಗಳಿಗೆ ನೀರು ತುಂಬಿ, ಇಳಿದು, ಸಂಜೆಗೆ ಎಲೆ ಮೇಲಕ್ಕೆ ಎದ್ದು ನಿಲ್ಲುತ್ತದೆ, ಬೆಳಗಾದರೆ ಮತ್ತೆ ಹರಡಿಕೊಳ್ಳುತ್ತದೆ. ಅದು ರೋಗವಲ್ಲ, ಗಾಬರಿಯಾಗಬೇಡಿ. ಅಂದಹಾಗೆ, 2012ರಲ್ಲಿ ಸಸ್ಯಶಾಸ್ತ್ರಜ್ಞರು ಕ್ಯಾಲಥಿಯಾ ಜಾತಿಗಳಲ್ಲಿ ಬಹುಪಾಲನ್ನು ಗೋಪರ್ಷಿಯಾ ಎಂಬ ಕುಲಕ್ಕೆ ಸೇರಿಸಿದರು. ನರ್ಸರಿಯವರು ಅದನ್ನು ಕಿವಿಗೆ ಹಾಕಿಕೊಂಡಿಲ್ಲ. ನಾವೂ ಹಳೇ ಹೆಸರಲ್ಲೇ ಕರೆಯೋಣ.

ಈಗ ನೀವೆಲ್ಲ ಕೇಳುವ ದೂರಿಗೆ ಬರುತ್ತೇನೆ. "ತಂದಾಗ ಚೆನ್ನಾಗಿತ್ತು, ಆಮೇಲೆ ಎಲೆಯ ತುದಿ, ಅಂಚು ಎಲ್ಲ ಕಂದಾಗಿ ಒಣಗಿತು." ಬಿಸಿಲು ಜಾಸ್ತಿಯಾಯ್ತು ಅಂತ ಕುಂಡವನ್ನು ಮೂಲೆಗೆ ತಳ್ಳುತ್ತೀರಿ. ಅಲ್ಲೂ ಹಾಗೇ ಆಗುತ್ತದೆ. ನನ್ನ ಪ್ರಕಾರ ನಮ್ಮ ಕಡೆ ಮೊದಲು ಅನುಮಾನ ಪಡಬೇಕಾದದ್ದು ಬೋರ್‌ವೆಲ್ ನೀರನ್ನು.

ಅಷ್ಟು ಆಳದಿಂದ ಬರುವ ನೀರು ಗಡಸು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿರುತ್ತದಲ್ಲ, ಅದು ಆ ನೀರಿನ ಉಪ್ಪು. ಜೊತೆಗೆ ಅನೇಕ ಊರುಗಳಲ್ಲಿ ಫ್ಲೋರೈಡ್. ಬಾಗೇಪಲ್ಲಿ, ಪಾವಗಡ ಕಡೆ ಹಲ್ಲಿನ ಮೇಲೆ ಕಂದು ಕಲೆ ಕಟ್ಟುವುದು ಇದರಿಂದಲೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಕ್ಯಾಲಥಿಯಾ ನಮಗಿಂತ ಸೂಕ್ಷ್ಮ. ಬೇರು ಎಳೆದುಕೊಂಡ ನೀರು ಎಲೆಯಲ್ಲಿ ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ತುದಿಯಲ್ಲಿ, ಅಂಚಿನಲ್ಲಿ ಸೇರಿ ಸೇರಿ ಅಲ್ಲಿನ ಜೀವಕೋಶಗಳನ್ನು ಕೊಲ್ಲುತ್ತದೆ. ಡ್ರಸೀನಾ, ಸ್ಪೈಡರ್ ಪ್ಲಾಂಟ್‌ಗೂ ಇದೇ ಗತಿ. ಮನಿ ಪ್ಲಾಂಟ್ ಇದಕ್ಕೆಲ್ಲ ಅಷ್ಟು ಬೇಗ ಜಗ್ಗುವುದಿಲ್ಲ, ಅದಕ್ಕೇ ಅದು ಎಲ್ಲರ ಮನೆಯಲ್ಲೂ ಇದೆ.

ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ಇಟ್ಟರೆ ಕ್ಲೋರಿನ್ ಹಾರಿಹೋಗಬಹುದು, ಫ್ಲೋರೈಡ್ ಹಾಗೇ ಇರುತ್ತದೆ. ಕುದಿಸಿದರಂತೂ ನೀರು ಕಡಿಮೆಯಾಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರದ ನೀರೂ ಬೇಡ, ಅದರಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವವರು ಇಲ್ಲಿ ಬಹಳ ಜನ ಇದ್ದೀರಿ. ಒಳ್ಳೆಯ ಉದ್ದೇಶವೇ, ನೀರು ದಂಡವಾಗಬಾರದು. ಆದರೆ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ! ಅದರಲ್ಲಿ ನೆಲ ಒರೆಸಿ.

ಹಾಗಾದರೆ ಯಾವ ನೀರು? ಮಳೆನೀರಿಗಿಂತ ಒಳ್ಳೆಯದಿಲ್ಲ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಮೊದಲ ಮಳೆಯಲ್ಲಿ ತಾರಸಿ ತೊಳೆದುಹೋಗಲಿ, ಆಮೇಲೆ ಡ್ರಮ್‌ಗೆ ಹಿಡಿದು, ಸೊಳ್ಳೆ ಬರದಂತೆ ಬಟ್ಟೆ ಕಟ್ಟಿ ಮುಚ್ಚಿಡಿ. ಅದು ಮುಗಿದ ಮೇಲೆ, ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಇದೆಯಲ್ಲ, ಆ ನೀರು. ಒಂದೆರಡು ಕುಂಡಕ್ಕೆ ಏನು ಮಹಾ ಬೇಕು? ಎಸಿ ಇದ್ದರೆ ಅದರಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ.

ಮಣ್ಣಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕೆಮ್ಮಣ್ಣೊಂದನ್ನೇ ತುಂಬಿದರೆ ಗಟ್ಟಿಯಾಗಿ ಬೇರು ಉಸಿರುಗಟ್ಟುತ್ತದೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಮುಖ್ಯವಾಗಿರಲಿ. ತಿಪಟೂರು ಕಡೆ ನೆಂಟರಿದ್ದರೆ ಹೇಳಿ ತರಿಸಿ, ಆದರೆ ಎರಡು ಮೂರು ಸಲ ತೊಳೆಯದೆ ಹಾಕಬೇಡಿ, ಅದರಲ್ಲೂ ಉಪ್ಪಿರುತ್ತದೆ. ಸ್ವಲ್ಪ ಎರೆಗೊಬ್ಬರ, ಸ್ವಲ್ಪ ಭತ್ತದ ಹೊಟ್ಟು ಸೇರಿಸಿ. ಸೂಪರ್ ಫಾಸ್ಫೇಟ್ ಗೊಬ್ಬರ ಮಾತ್ರ ಬೇಡ, ಅದರಲ್ಲೂ ಫ್ಲೋರೈಡ್ ಇದೆ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ಅನಿಸಿದಾಗ ನೀರು ಹಾಕಿ, ತಳದಿಂದ ಹರಿದು ಬರುವಷ್ಟು.

ಎಲ್ಲ ತಪ್ಪನ್ನೂ ನೀರಿನ ಮೇಲೇ ಹೊರಿಸುವುದಿಲ್ಲ. ಮಾರ್ಚ್, ಏಪ್ರಿಲ್‌ನ ಒಣಗಾಳಿಗೂ ಅಂಚು ಒಣಗುತ್ತದೆ. ಹೊಸ ಎಲೆ ಬೀಡಿಯ ಹಾಗೆ ಸುತ್ತಿಕೊಂಡು ಬರುತ್ತದೆ. ಗಾಳಿ ತೀರಾ ಒಣಗಿದ್ದರೆ ಬಿಚ್ಚಿಕೊಳ್ಳಲಾರದೆ ಹರಿಯುತ್ತದೆ. ಪೂರ್ವದ ಕಿಟಕಿಯಿಂದ ಸ್ವಲ್ಪ ಒಳಗೆ, ನಾಲ್ಕಾರು ಗಿಡಗಳ ಗುಂಪಿನಲ್ಲಿ ಇಡಿ. ಬೆಳಕಿರುವ ಬಚ್ಚಲುಮನೆ ಇದ್ದರೆ ಇನ್ನೂ ಒಳ್ಳೆಯದು. ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ನಮಗೆ ಸಮಾಧಾನ, ಗಿಡಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಇದೇ ತಿಂಗಳುಗಳಲ್ಲಿ ಎಲೆಯಡಿ ನುಸಿ ಬರುತ್ತದೆ. ಟೊಮೆಟೊ ಬೆಳೆಯುವವರಿಗೆ ನುಸಿಯ ಕಾಟ ಗೊತ್ತೇ ಇದೆ. ಎಲೆಯ ಹಿಂಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿ.

ಒಂದು ಸಲ ಕಂದಾದ ಭಾಗ ಮತ್ತೆ ಹಸಿರಾಗುವುದಿಲ್ಲ. ಬೇಕಿದ್ದರೆ ಕತ್ತರಿಯಲ್ಲಿ ಎಲೆಯ ಆಕಾರಕ್ಕೇ ಸವರಿ. ನೀರು ಬದಲಾಯಿಸಿದ ಮೇಲೆ ಬರುವ ಹೊಸ ಎಲೆಗಳನ್ನು ಗಮನಿಸಿ. ಅವು ಕಂದಾಗದೆ ಉಳಿದರೆ ಕಾರಣ ನೀರೇ ಅಂತ ಆಯ್ತು. ಎಲೆ ಕಿತ್ತು ತಂದಿರುವವರು ಮುಂದೆ ಬನ್ನಿ, ಒಂದೊಂದಾಗಿ ನೋಡೋಣ.